ಆಕಾಶದ ಎಲ್ಲೆಗಲ್ಲು



ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ವೆಂಬ ಮಾತು ಪರಿಚಿತವಾದುದು. ಅರಸನು ಗ್ರಾಮವೊಂದನ್ನು ದಾನಮಾಡುವಾಗ ಅದರ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಕೆರೆ, ಮರ, ನೆಟ್ಟ ಕಲ್ಲುಗಳಿಂದ ಗುರುತಿಸಿ, ಅದರೊಳಗಣ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಎಂಟು ಬಗೆಯ ಒಡೆತನವನ್ನು ಧಾರೆಯೆರೆದು ಕೊಡುತ್ತಿದ್ದನು. ನೆಲದಡಿಯ ಹೊನ್ನು, ಕಲ್ಲು, ನೀರು, ಮುಂದೆ ಬರಬಹುದಾದ ಆದಾಯ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬಂದಿವೆ. ಆ ನೆಲದ ಮೇಲಿನ ಆಕಾಶವೊಂದು ಮಾತ್ರ ಬಂದಿಲ್ಲ. ಅದನ್ನು ಅಳೆಯುವ ಅಗತ್ಯ ಆಗ ಯಾರಿಗೂ ಇರಲಿಲ್ಲ.

ಇಂದು ಉತ್ತರಹಳ್ಳಿಯ ಗೃಹಸ್ಥನಿಗೂ ಆ ಅಗತ್ಯ ಬಂದಿದೆ. ಅದು ಹೇಗೆ ಬಂದಿತೆಂಬುದನ್ನು ನೋಡೋಣ.

ಭೂಮಿಯ ಒಡೆಯನೇ ಅದರ ಮೇಲಿನ ಆಕಾಶಕ್ಕೂ ಒಡೆಯನೆಂಬುದು ಪಾಶ್ಚಾತ್ಯ ನ್ಯಾಯಶಾಸ್ತ್ರದ ಹಳೆಯ ಸೂತ್ರ. ವಿಮಾನಗಳು ಬಂದ ಮೇಲೆ ಅದು ನಿಲ್ಲಲಿಲ್ಲ. ಅಮೆರಿಕದ ಉತ್ತರ ಕೆರೊಲಿನದಲ್ಲಿ ಕಾಸ್ಬಿ ಎಂಬ ಕೋಳಿ ಸಾಕುವ ರೈತನ ಜಮೀನಿನ ಮೇಲೆ ಸೈನ್ಯದ ವಿಮಾನಗಳು ಕೇವಲ 83 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಬಡಿದು ಸತ್ತವು; ರೈತನ ಕಸುಬೇ ನಿಂತುಹೋಯಿತು. 1946ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಎರಡು ಮಾತು ಹೇಳಿತು: ಮೇಲಿನ ಆಕಾಶ ಸಾರ್ವಜನಿಕರ ಹೆದ್ದಾರಿ, ಆದರೆ ನೆಲವನ್ನು ಅನುಭವಿಸಲು ಬೇಕಾದಷ್ಟು ಆಕಾಶ ನೆಲದವನದೇ, ಅದನ್ನು ಕಿತ್ತುಕೊಂಡರೆ ಪರಿಹಾರ ಕೊಡಬೇಕು. ಈ ಎರಡು ಮಾತುಗಳನ್ನೂ ನೆನಪಿನಲ್ಲಿಡಿ.

ಈಗ ನಮ್ಮೂರಿಗೆ ಬರೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಊರಾಚೆಯ ಆ ವಿಮಾನಭೂಮಿಯ ಬಳಿ ವಿಮಾನಪುರ ಬೆಳೆಯಿತು. ಮುಂದೆ ಊರೇ ಅದನ್ನು ಸುತ್ತುವರಿಯಿತು. ವಿಮಾನವೇನೋ ಮೊದಲು ಬಂದಿತ್ತು. ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಕಡಿವಾಣ ಹಾಕುವ ಸ್ಪಷ್ಟ ಅಧಿಕಾರ ಮಾತ್ರ 1972ರಲ್ಲಿ ಬಂದಿತು. ಆ ವರ್ಷ 1934ರ ವಿಮಾನ ಕಾಯಿದೆಗೆ ಹೊಸ ಕಲಮುಗಳು ಸೇರಿದವು. ನಿಲ್ದಾಣದ ಗುರುತುಬಿಂದುವಿನಿಂದ 20 ಕಿಲೋಮೀಟರ್ ಮೀರದ ವೃತ್ತದಲ್ಲಿ ಕಟ್ಟಡ ಕಟ್ಟುವುದನ್ನೂ ಮರ ಬೆಳೆಸುವುದನ್ನೂ ಕೇಂದ್ರ ಸರ್ಕಾರ ನಿಯಂತ್ರಿಸಬಹುದೆಂದಾಯಿತು. ಅದರಿಂದ ನಷ್ಟಪಟ್ಟವರಿಗೆ ಪರಿಹಾರ ಕೊಡುವ ಮಾತೂ ಅದರೊಡನೆಯೇ ಸೇರಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲಿಯೂ ಈ ಅಧಿಕಾರ ಮುಂದುವರಿದಿದೆ.

ಈ ಎಲ್ಲೆಯ ಆಕಾರವನ್ನು ತಿಳಿಯಲು ಬಾಯಗಲವಾದ ಒಂದು ಬೋಗುಣಿಯನ್ನು ಕಲ್ಪಿಸಿಕೊಳ್ಳಿ. ಅದರ ತಳದಲ್ಲಿ ಓಡುದಾರಿ. ದೊಡ್ಡ ನಿಲ್ದಾಣಗಳಿಗೆ ಬಹುಕಾಲದಿಂದ ರೂಢಿಯಲ್ಲಿರುವ ಅಂತರರಾಷ್ಟ್ರೀಯ ಅಳತೆಯಂತೆ, ಸುಮಾರು 4 ಕಿಲೋಮೀಟರಿನವರೆಗೆ ಕಟ್ಟಡಗಳು 45 ಮೀಟರನ್ನು ಮೀರಬಾರದು. ಅಲ್ಲಿಂದಾಚೆಗೆ 20 ಅಡಿಗೆ 1 ಅಡಿಯಂತೆ ಬೋಗುಣಿಯ ಅಂಚು ಏರುತ್ತದೆ. ಅದರಾಚೆ 15 ಕಿಲೋಮೀಟರಿನವರೆಗೆ 150 ಮೀಟರು. ವಿಮಾನ ಇಳಿಯುವ ದಾರಿಯ ನೇರದಲ್ಲಿ ಕಟ್ಟು ಇನ್ನೂ ಬಿಗಿ. ನೆಲದವನಿಗೆ ಎಷ್ಟು ಎತ್ತರ ದಕ್ಕುವುದೆಂಬುದನ್ನು ಬಣ್ಣಬಣ್ಣದ ವಲಯ ನಕ್ಷೆಗಳಲ್ಲಿ ತೋರಿಸುತ್ತಾರೆ.

ಉತ್ತರಹಳ್ಳಿಯಿಂದ ಆ ಹಳೆಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 14 ಕಿಲೋಮೀಟರು. ಎರಡು ಮೂರು ಅಂತಸ್ತಿನ ಮನೆಗೆ ಇದರಿಂದ ಬಾಧಕವಿಲ್ಲ. ಆದರೆ ಒಂದು ಸೂಕ್ಷ್ಮ ಉಂಟು: ಈ ಎತ್ತರವನ್ನು ಎಣಿಸುವುದು ನಿಮ್ಮ ಅಂಗಳದಿಂದಲ್ಲ, ನಿಲ್ದಾಣದ ಮಟ್ಟದಿಂದ. ತುರಹಳ್ಳಿಯ ಕಡೆಯ ದಿಣ್ಣೆಯ ಮೇಲೆ ಗೋಪುರದಂಥ ಕಟ್ಟಡ ಎತ್ತುವವನಿಗೆ ತಗ್ಗಿನಲ್ಲಿರುವವನಿಗಿಂತ ಕಡಿಮೆ ಆಕಾಶ ದಕ್ಕುತ್ತದೆ. ಮಹಡಿಯ ಮೇಲಿನ ನೀರಿನ ತೊಟ್ಟಿ, ಕಂಬಗಳೂ ಲೆಕ್ಕಕ್ಕೆ ಸೇರುತ್ತವೆ.

ಇಷ್ಟೆಲ್ಲ ಕಟ್ಟುಪಾಡು ಏತಕ್ಕೆ ಎಂದು ಕೇಳಬಹುದು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ವಿಮಾನವೊಂದು ಓಡುದಾರಿಯನ್ನು ಮುಟ್ಟದೆ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿದ್ದಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಹೋದರು. ಅದಕ್ಕೆ ಕಟ್ಟಡದ ಎತ್ತರ ಕಾರಣವಲ್ಲ. ಆದರೂ ಆ ಬಯಲಿನ ಬದಲು ಅಲ್ಲಿ ವಠಾರಗಳಿದ್ದಿದ್ದರೆ ಎಂದು ಯೋಚಿಸಿ. ಎಲ್ಲೆಯು ಮೇಲೆ ಹಾರುವವನನ್ನಷ್ಟೇ ಅಲ್ಲ, ಕೆಳಗೆ ಮಲಗಿದವನನ್ನೂ ಕಾಯುತ್ತದೆ. ನಿಲ್ದಾಣದಿಂದ 10 ಕಿಲೋಮೀಟರಿನೊಳಗೆ ಬಯಲಲ್ಲಿ ಕಸ ಸುರಿಯುವುದನ್ನೂ ಪ್ರಾಣಿವಧೆಯನ್ನೂ ನಿಯಮಗಳು ನಿಷೇಧಿಸಿದ್ದು ಇದೇ ಕಾರಣಕ್ಕೆ. ಕಸಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ.

2008ರ ಮೇ 24ರಂದು ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ಅಲ್ಲಿ ಸುಮಾರು 4,000 ಎಕರೆಯ ನಿಲ್ದಾಣವೆದ್ದಿತು. ಸುತ್ತಲಿನ ಹಳ್ಳಿಗಳ ನೆಲದ ಬಳಕೆಯನ್ನು ಯೋಜಿಸಲು ಪ್ರತ್ಯೇಕ ಪ್ರಾಧಿಕಾರವೇ ಏರ್ಪಟ್ಟಿತು. ಈಚೆಗೆ ಎರಡನೆಯ ನಿಲ್ದಾಣದ ಮಾತು ಎದ್ದಿದೆ. ಸರ್ಕಾರ ಆರಿಸಿದ ಮೂರು ಸ್ಥಳಗಳಲ್ಲಿ ಎರಡು ನಮ್ಮ ಕನಕಪುರ ರಸ್ತೆಯವು, ಒಂದು ಕುಣಿಗಲ್ ರಸ್ತೆಯದು. 2025ರ ಏಪ್ರಿಲಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಇವನ್ನು ನೋಡಿಹೋಯಿತು.

ಸ್ಥಳ ಯಾವುದೇ ನಿಶ್ಚಯವಾಗಲಿ, ಒಂದು ಮಾತು ನಿಶ್ಚಯ. ಸ್ವಾಧೀನಕ್ಕೆ ಹೋದ ನೆಲದವನು ಪರಿಹಾರದ ವಿಚಾರ ಬಲ್ಲ. ಅವನಿಗೆ ನೋಟೀಸು ಬರುತ್ತದೆ. ಬೇಲಿಯಾಚೆಯವನ ನೆಲ ಅವನ ಹೆಸರಿನಲ್ಲಿಯೇ ಉಳಿಯುತ್ತದೆ, ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಅದರ ಆಕಾಶ ಮಾತ್ರ ಕುಗ್ಗಿರುತ್ತದೆ. ಇದನ್ನು ಅರಿಯದೆ ಮಾರಿದವನೂ ಕೊಂಡವನೂ ಕಟ್ಟಿದವನೂ ಆಮೇಲೆ ಕಚೇರಿ ಅಲೆಯಬೇಕಾಗುತ್ತದೆ.

ಹಿಂದಿನವರು ಎಲ್ಲೆಯನ್ನು ಬರೆಸಿದ್ದು ಕಲ್ಲಿನ ಮೇಲೆ. ನಿಲ್ಲಿಸಿದ್ದು ಊರ ಗುಡಿಯ ಮುಂದೆ. ಬಹುಮಟ್ಟಿಗೆ ಊರವರ ಮಾತಿನಲ್ಲಿ. ಆಕಾಶದ ಎಲ್ಲೆಯ ನಕ್ಷೆಯೂ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ತೂಗಬೇಕು. ಮೊದಲ ಇಟ್ಟಿಗೆ ಇಡುವುದಕ್ಕೆ ಮುಂಚೆಯೇ ತೂಗಬೇಕು. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಓದಿ ನಡೆಯುವುದು ನಮ್ಮ ಹೊಣೆ.