ಜೋಲಿಯೆಟ್ಟಿನ ಆರು ವಿದ್ಯಾರ್ಥಿಗಳು

ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಷಿಕಾಗೋ ಮಹಾನಗರಕ್ಕೆ ನೈಋತ್ಯವಾಗಿ ಸುಮಾರು 40 ಮೈಲಿ ದೂರದಲ್ಲಿರುವ ಜೋಲಿಯೆಟ್ ಪಟ್ಟಣವು, ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ತನ್ನ ಸುಣ್ಣಕಲ್ಲಿನ ಗಣಿಗಳಿಗೂ ಉಕ್ಕಿನ ಕಾರ್ಖಾನೆಗೂ ಸೆರೆಮನೆಗೂ ಪ್ರಸಿದ್ಧವಾಗಿತ್ತಲ್ಲದೆ ವಿದ್ಯೆಗಾಗಿ ಯಾರೂ ಅದರ ಹೆಸರನ್ನು ಎತ್ತುತ್ತಿರಲಿಲ್ಲ. ಆ ಊರಿನ ಕಲ್ಲಿನಿಂದಲೇ ಕೋಟೆಯ ಮಾದರಿಯಲ್ಲಿ ಕಟ್ಟಿದ ಹೈಸ್ಕೂಲಿನ ಹೊಸ ಮಂದಿರವು 1901ರಲ್ಲಿ ತೆರೆಯಿತು. ಅದೇ ವರ್ಷ ಅದೇ ಸೂರಿನ ಕೆಳಗೆ, ಹೈಸ್ಕೂಲಿನ ವ್ಯಾಸಂಗವನ್ನು ಮುಗಿಸಿಯೂ ಶಾಲೆಯನ್ನು ಬಿಡದ ಆರು ಮಂದಿ ವಿದ್ಯಾರ್ಥಿಗಳು ಕಾಲೇಜಿನ ಪಾಠಗಳನ್ನು ಕೇಳಲು ಕುಳಿತರು.

ಈ ಏರ್ಪಾಡಿನ ಹಿಂದೆ ಇದ್ದವರು ಇಬ್ಬರು: ಆ ಶಾಲೆಯ ಆಡಳಿತವನ್ನು ಹೊತ್ತಿದ್ದ ಜೆ. ಸ್ಟ್ಯಾನ್ಲಿ ಬ್ರೌನ್, ಹಾಗೂ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಥಮ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್. ಒಹಾಯೋ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ 1856ರಲ್ಲಿ ಜನಿಸಿದ ಹಾರ್ಪರರು 10ನೆಯ ವಯಸ್ಸಿನಲ್ಲಿ ಊರಿನ ಮಸ್ಕಿಂಗಂ ಕಾಲೇಜನ್ನು ಸೇರಿ, 14ನೆಯ ವಯಸ್ಸಿನಲ್ಲಿ ಪದವಿಯನ್ನು ಪಡೆದು, 19 ತುಂಬುವುದರೊಳಗೆ ಯೇಲ್ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನೂ ಸಂಪಾದಿಸಿದ್ದರು. ಇಂಥ ಬಾಲ್ಯವನ್ನು ಕಂಡವರಿಗೆ, ವಿದ್ಯಾಭ್ಯಾಸದ ಮೆಟ್ಟಿಲುಗಳನ್ನು ವಯಸ್ಸಿನ ಲೆಕ್ಕದಿಂದ ಅಳೆಯುವ ಪದ್ಧತಿಯು ಪ್ರಕೃತಿನಿಯಮವೆಂದು ತೋರಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು? ಕಾಲೇಜಿನ ಮೊದಲ ಎರಡು ವರ್ಷಗಳು ಸ್ವಭಾವದಿಂದ ಹೈಸ್ಕೂಲಿನ ವ್ಯಾಸಂಗದ ಮುಂದುವರಿಕೆಯೇ ಆಗಿದ್ದು, ನಿಜವಾದ ವಿಶ್ವವಿದ್ಯಾನಿಲಯದ ಕಾರ್ಯವು ಮೂರನೆಯ ವರ್ಷದಿಂದ ಮಾತ್ರ ಪ್ರಾರಂಭವಾಗುವುದೆಂಬ ದೃಢವಾದ ಅಭಿಪ್ರಾಯದಿಂದ ಅವರು ತಮ್ಮ ಸಂಸ್ಥೆಯ ಕೆಳಗಿನ ಎರಡು ವರ್ಷಗಳಿಗೆ ಜೂನಿಯರ್ ಕಾಲೇಜೆಂಬ ಹೆಸರನ್ನು ಕೊಟ್ಟರು. ಆ ಭಾಗವನ್ನು ಊರೂರಿನ ಹೈಸ್ಕೂಲುಗಳೇ ಏಕೆ ಹೊರಬಾರದು? ಈ ಪ್ರಶ್ನೆಗೆ ಜೋಲಿಯೆಟ್ ಉತ್ತರವಾಯಿತು. 1902ರ ಡಿಸೆಂಬರಿನ ವೇಳೆಗೆ ಶಾಲಾಮಂಡಲಿಯು ಈ ಮೇಲ್ತರಗತಿಗಳಿಗೆ ಅಧಿಕೃತ ಮನ್ನಣೆಯನ್ನಿತ್ತು, ಅವುಗಳಿಗೆ ಶುಲ್ಕವಿಲ್ಲವೆಂದು ನಿರ್ಣಯಿಸಿತು. ಅಲ್ಲಿ ಬೆಳೆದ ಜೂನಿಯರ್ ಕಾಲೇಜು 1960ರ ದಶಕದ ಕೊನೆಯವರೆಗೂ ಹೈಸ್ಕೂಲಿನೊಡನೆ ಒಂದೇ ಮನೆಯಲ್ಲಿ ಸಂಸಾರ ನಡೆಸಿತು.

ಶುಲ್ಕವಿಲ್ಲವೆಂಬ ಆ ನಿರ್ಣಯವನ್ನು ನಾನು ಇಡೀ ಕಥೆಯ ಹೃದಯವೆಂದು ಭಾವಿಸುತ್ತೇನೆ. ಇಂದು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ವ್ಯಾಸಂಗವನ್ನು ಮಾಡುವ ಪದ್ಧತಿಯನ್ನು ಪ್ರತಿಭಾಶಾಲಿಗಳ ವಿಶೇಷ ಸೌಕರ್ಯವೆಂದು ಅನೇಕರು ಬಗೆಯುವರು. ಆದರೆ ಶಾಲೆಗೂ ಕಾಲೇಜಿಗೂ ನಡುವಣ ಗೋಡೆಯನ್ನು ಮೊದಲು ಒಡೆದದ್ದು ಪ್ರತಿಭೆಯ ಆಗ್ರಹವಲ್ಲ. ಪರಸ್ಥಳದಲ್ಲಿಟ್ಟು ಮಕ್ಕಳನ್ನು ಓದಿಸಲಾರದ ಸಾಮಾನ್ಯ ಗೃಹಸ್ಥರ ಅಗತ್ಯ. ಕ್ಯಾಲಿಫೋರ್ನಿಯದ ಶಾಸನಸಭೆಯು 1907ರಲ್ಲಿ, ಕಾಲೇಜಿನ ಮೊದಲೆರಡು ವರ್ಷಗಳ ಪಾಠವನ್ನು ಹೈಸ್ಕೂಲುಗಳೇ ಹೇಳಬಹುದೆಂಬ ಕಾನೂನನ್ನು ಮಾಡಿತು. ಅದರ ಪ್ರಯೋಜನವನ್ನು ಮೊದಲು ಪಡೆದದ್ದು 1910ರಲ್ಲಿ ಫ್ರೆಸ್ನೋ ಎಂಬ ಕೃಷಿಪ್ರಧಾನವಾದ ಊರು. ಸುಮಾರು 200 ಮೈಲಿಯ ಆವರಣದಲ್ಲಿ ಉನ್ನತ ವಿದ್ಯಾಸಂಸ್ಥೆಯೊಂದೂ ಇಲ್ಲವೆಂಬುದೇ ಆ ಊರಿನವರು ಮುಂದಿಟ್ಟ ಮುಖ್ಯ ಕಾರಣ. ಮಿನಿಸೋಟದ ಕಬ್ಬಿಣದ ಅದಿರಿನ ಸೀಮೆಯಲ್ಲಿ ಹಿಬ್ಬಿಂಗ್ ಎಂಬ ಗಣಿಯೂರು 1916ರಲ್ಲಿ ಇದೇ ದಾರಿಯನ್ನು ಹಿಡಿಯಿತು.

ನಮ್ಮಲ್ಲಿಯೂ ಶಾಲೆಯ ಬಸಿರಿನಿಂದಲೇ ಕಾಲೇಜು ಹುಟ್ಟಿದೆ: ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಆರಂಭವಾದದ್ದು. ಇಂದಿಗೂ ನಮ್ಮ ತಾಲ್ಲೂಕು ಊರುಗಳ ಸಂಯುಕ್ತ ಪದವಿಪೂರ್ವ ಕಾಲೇಜುಗಳಲ್ಲಿ ಹತ್ತನೆಯ ತರಗತಿಯ ಹುಡುಗನೂ ಪಿಯುಸಿಯ ಹುಡುಗನೂ ಒಂದೇ ಅಂಗಳದಲ್ಲಿ ಓಡಾಡುವರು. ಆದರೆ ಎಸ್ಸೆಸ್ಸೆಲ್ಸಿಯ ಹೊಸ್ತಿಲನ್ನು ದಾಟದೆ ಈಚೆಯವನು ಆಚೆಯ ಕೊಠಡಿಗೆ ಕಾಲಿಡುವಂತಿಲ್ಲ.

ಅಮೆರಿಕದಲ್ಲಿ ಆ ಹೊಸ್ತಿಲನ್ನು ಕದಲಿಸಿದ್ದು ಯುದ್ಧ. ಎರಡನೆಯ ಮಹಾಯುದ್ಧಕ್ಕೆ ತರುಣರೆಲ್ಲ ಹೊರಟುಹೋಗಿ ಕಾಲೇಜುಗಳು ಬರಿದಾದ ಕಾಲದಲ್ಲಿ, ಅಟ್ಲಾಂಟ ನಗರದ ಮೋರ್‌ಹೌಸ್ ಕಾಲೇಜು, ಹೈಸ್ಕೂಲಿನ ಕೊನೆಯ ವರ್ಷವನ್ನು ಇನ್ನೂ ಓದದಿದ್ದ ಕಪ್ಪು ಜನಾಂಗದ ಹುಡುಗರಿಗೆ ಪ್ರವೇಶ ಪರೀಕ್ಷೆಯ ಮೂಲಕ ಬಾಗಿಲನ್ನು ತೆರೆಯಿತು. ಹಾಗೆ 1944ರಲ್ಲಿ, 15ನೆಯ ವಯಸ್ಸಿನಲ್ಲಿ, ಒಳಗೆ ಬಂದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು. ಅದಕ್ಕೆ ಹಿಂದಿನ ವರ್ಷವೇ ಷಿಕಾಗೋದಲ್ಲಿ, ಹಾರ್ಪರರ ಪೀಠದ ಉತ್ತರಾಧಿಕಾರಿಗಳಲ್ಲಿ ಒಬ್ಬರಾದ ರಾಬರ್ಟ್ ಹಚಿನ್ಸರು ಹೈಸ್ಕೂಲಿನ ಎರಡು ವರ್ಷಗಳನ್ನಷ್ಟೇ ಮುಗಿಸಿದವರಿಗೂ ತೆರೆದಿಟ್ಟಿದ್ದ ಕಾಲೇಜಿಗೆ, ಮುಂದೆ ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಅದೇ 15ರ ವಯಸ್ಸಿನಲ್ಲಿ ಸೇರಿದ್ದರು.

ಯುದ್ಧಾನಂತರ ಈ ಪ್ರವಾಹವು ಬೇರೆ ಪಾತ್ರಕ್ಕೆ ಹರಿಯಿತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳೂ ಅವುಗಳಿಗೆ ವಿದ್ಯಾರ್ಥಿಗಳನ್ನು ಒದಗಿಸುತ್ತಿದ್ದ ಮೂರು ಶ್ರೀಮಂತ ಖಾಸಗಿ ಶಾಲೆಗಳೂ ಕೂಡಿ ನಡೆಸಿದ ವಿಚಾರಣೆಯ ವರದಿಯು 1952ರಲ್ಲಿ ಹೊರಬಂದು, ಉತ್ತಮ ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿತದ್ದನ್ನೇ ಕಾಲೇಜಿನಲ್ಲಿ ಮರಳಿ ಕಲಿಯುತ್ತ ಕಾಲವನ್ನು ವ್ಯರ್ಥಮಾಡುತ್ತಿರುವರೆಂದು ತೋರಿಸಿತು. ಇದರಿಂದ ಬೆಳೆದ, ಶಾಲೆಯಲ್ಲಿಯೇ ಓದಿದ ಕಾಲೇಜುಮಟ್ಟದ ಪಾಠಕ್ಕೆ ಕಾಲೇಜಿನ ಮನ್ನಣೆಯನ್ನು ದೊರಕಿಸುವ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳಿಗೆ 1956ರಲ್ಲಿ 104 ಶಾಲೆಗಳ 1,229 ವಿದ್ಯಾರ್ಥಿಗಳು ಕುಳಿತರು. ವರದಿಯ ಮಾತು ಸತ್ಯವೇ. ಆದರೂ ಅದು ದೃಷ್ಟಿಯಿಟ್ಟದ್ದು ಕಾಲೇಜಿಗೆ ಹೋಗುವುದು ಹೇಗೂ ನಿಶ್ಚಯವಾಗಿದ್ದ ಮಕ್ಕಳ ಮೇಲೆ. ಅದಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು 1955ರಲ್ಲಿ ಕನೆಟಿಕಟ್ ವಿಶ್ವವಿದ್ಯಾನಿಲಯವು ಸದ್ದಿಲ್ಲದೆ ಹೂಡಿದ ಉಪಾಯ: ಹೈಸ್ಕೂಲಿನ ಯೋಗ್ಯ ಉಪಾಧ್ಯಾಯರಿಗೆ ತಾನೇ ಮನ್ನಣೆಯನ್ನಿತ್ತು, ಅವರಿಂದಲೇ ಅವರ ಶಾಲೆಯಲ್ಲಿಯೇ ತನ್ನ ಪಾಠಕ್ರಮವನ್ನು ನಡೆಸುವುದು. ಒಂದು ದಿನದ ಪರೀಕ್ಷೆಯ ಮೇಲೆ ಎಲ್ಲವನ್ನೂ ಕಟ್ಟದೆ ವರ್ಷವಿಡೀ ಮಾಡಿದ ಕೆಲಸಕ್ಕೆ ಬೆಲೆಕೊಡುವ ಈ ಕ್ರಮದಲ್ಲಿ, ಹಳ್ಳಿಯ ಉಪಾಧ್ಯಾಯನಿಗೂ ಒಂದು ಗೌರವವುಂಟು.

ಬಡವರ ಕಡೆಗೆ ಈ ಪದ್ಧತಿಯನ್ನು ಮತ್ತೆ ತಿರುಗಿಸಿದವರು ಹಿಬ್ಬಿಂಗಿನ ಸೀಮೆಯವರೇ ಆದ ರೂಡಿ ಪರ್ಪಿಚ್. ಕ್ರೊಯೇಷಿಯದಿಂದ ವಲಸೆ ಬಂದ ಗಣಿಕಾರ್ಮಿಕನ ಮಗನಾಗಿ ಹುಟ್ಟಿ, ಇಂಗ್ಲಿಷಿನ ಪರಿಚಯವಿಲ್ಲದೆಯೇ ಮೊದಲ ತರಗತಿಯನ್ನು ಸೇರಿ, ಹಿಬ್ಬಿಂಗಿನ ಹೈಸ್ಕೂಲನ್ನೂ ಜೂನಿಯರ್ ಕಾಲೇಜನ್ನೂ ಮುಗಿಸಿ ದಂತವೈದ್ಯರಾದ ಅವರು, ಮಿನಿಸೋಟದ ರಾಜ್ಯಪಾಲರಾಗಿದ್ದಾಗ 1985ರಲ್ಲಿ ಒಂದು ಕಾನೂನನ್ನು ತಂದರು. ಅದರಂತೆ 11 ಮತ್ತು 12ನೆಯ ತರಗತಿಯ ವಿದ್ಯಾರ್ಥಿಯು ಕಾಲೇಜಿನ ಪಾಠವನ್ನು ಆರಿಸಿಕೊಂಡರೆ, ಶಾಲೆಗೆ ಸಲ್ಲಬೇಕಾದ ಸರಕಾರದ ಹಣದ ಪಾಲು ಅವನನ್ನು ಹಿಂಬಾಲಿಸಿ ಕಾಲೇಜಿಗೆ ಹೋಗುವುದು. ಶುಲ್ಕದ ಭಾರವಾಗಲಿ ಪುಸ್ತಕದ ಭಾರವಾಗಲಿ ಮನೆಯವರ ಮೇಲೆ ಬೀಳದು. ಶಾಲೆಗಳ ಆಡಳಿತಗಾರರೂ ಉಪಾಧ್ಯಾಯರ ಸಂಘಗಳೂ ಇದನ್ನು ವಿರೋಧಿಸಿದವು. ಸಣ್ಣ ಶಾಲೆಯೊಂದರಿಂದ ನಾಲ್ಕಾರು ಮಕ್ಕಳೊಡನೆ ಹಣವೂ ಹೊರಟುಹೋದರೆ ಉಳಿದವರ ಗತಿಯೇನೆಂಬ ಅವರ ಕಳವಳವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಕಾನೂನು ನಿಂತಿತು. 1990ರಲ್ಲಿ ವಾಷಿಂಗ್ಟನ್ ಸಂಸ್ಥಾನವೂ ಅಂಥದೇ ಶಾಸನವನ್ನು ಮಾಡಿತು. ಕ್ರಮೇಣ ಪದ್ಧತಿಯು ದೇಶವ್ಯಾಪಿಯಾಯಿತು. ಆದರೆ ಶುಲ್ಕವನ್ನು ಕೊಡುವವರು ಯಾರೆಂಬ ವಿಷಯದಲ್ಲಿ ಸಂಸ್ಥಾನಗಳು ಇಂದಿಗೂ ಒಂದಾಗಿಲ್ಲ. ಎಲ್ಲಿ ಅದು ತಂದೆತಾಯಿಗಳ ಪಾಲಿಗೆ ಬಿದ್ದಿದೆಯೋ, ಎಲ್ಲಿ ವಿಶ್ವವಿದ್ಯಾನಿಲಯವು ಒಪ್ಪತಕ್ಕ ಉಪಾಧ್ಯಾಯನು ಹಳ್ಳಿಯ ಶಾಲೆಯಲ್ಲಿ ಇಲ್ಲವೋ, ಅಲ್ಲಿ ಈ ಸೌಕರ್ಯವು ಅನುಕೂಲಸ್ಥರ ಮಕ್ಕಳಿಗೇ ಹೆಚ್ಚಾಗಿ ದಕ್ಕುತ್ತಿದೆ.