ಶಿರಸಿ ಅಡಿಕೆ
ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ತೋಟಗಳಲ್ಲಿ ಬೆಳೆಯುವ ಸ್ಥಳೀಯ ಅಡಿಕೆ ತಳಿ ಹಾಗೂ ಅದರ ಸಂಸ್ಕರಿತ ಉತ್ಪನ್ನ. ತಾಳೆ ಕುಟುಂಬದ ಮರ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಕಾಯಿ ಮಧ್ಯಮ ಗಾತ್ರದ್ದು, ದುಂಡಗಿದ್ದು ತುಸು ಚಪ್ಪಟೆ, ಬೇಳೆ ಗಟ್ಟಿ. ಸುಧಾರಿತ ತಳಿಗಳಲ್ಲಿ ಇಲ್ಲಿಯದೇ ಆಯ್ಕೆಯಾದ ಎಸ್‌ಎಎಸ್‌-1 ಪ್ರಮುಖ.

ಗುಣಮಟ್ಟವನ್ನು ತಳಿಯಷ್ಟೇ ನೆಲ, ಮಳೆ, ಕೊಯ್ಲಿನ ಹದವೂ ನಿರ್ಧರಿಸುತ್ತವೆ. ತೋಟಗಳು ಹೆಚ್ಚಾಗಿ ತಂಪಾದ ಕಣಿವೆಗಳಲ್ಲಿವೆ. ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದ ದರಕು (ಒಣ ಎಲೆ), ಹಸಿಸೊಪ್ಪು ಆಧಾರ. ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತರೆ ಬೇರು ಸೊರಗುತ್ತದೆ. ಮುಂಗಾರಿನ ಜಡಿಮಳೆಯಲ್ಲಿ ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಹರಡುವ ಕೊಳೆರೋಗ ಎಳೆಗಾಯಿ ಉದುರಿಸುತ್ತದೆ. ತಡೆಗೆ ಬೋರ್ಡೋ ದ್ರಾವಣ ಸಿಂಪಡಣೆ, ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವುದು ರೂಢಿ.

ಎಳೆಗಾಯಿ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ರಸ) ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸುಮಾರು 40–45 ದಿನ ಬಿಸಿಲಿಗೆ ಹರವಿ ಸುಲಿದರೆ ಚಾಲಿ. ಒಣಗಿಸುವ ನಡುವೆ ಅಕಾಲಿಕ ಮಳೆ ಬಿದ್ದರೆ ಬೂಸಲು ಹಿಡಿದು ಬಣ್ಣ ಕೆಡುತ್ತದೆ. ಅಂಥ ಮಾಲಿಗೆ ದರ ಇಳಿಯುತ್ತದೆ. ಶಿರಸಿ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ವರ್ಗೀಕರಿಸಿ ಹರಾಜು ನಡೆಯುತ್ತದೆ.