ಗಡಿ ದಾಟಿ ಬೆಳೆದ ಸ್ಪೀಡ್‌ವೇ

ಮಣ್ಣಿನ ಟ್ರ್ಯಾಕಿನ ಬೈಕ್ ರೇಸಾದ ಸ್ಪೀಡ್‌ವೇ ಹುಟ್ಟಿದ್ದು ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡ್‌ನಲ್ಲಿ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. 1923ರ ಡಿಸೆಂಬರ್ 15ರ ರಾತ್ರಿ ಅಲ್ಲಿನ ಮೈದಾನದಲ್ಲಿ ವಿದ್ಯುದ್ದೀಪಗಳ ಬೆಳಕಿನಲ್ಲಿ ಬೈಕ್ ರೇಸ್ ನಡೆದದ್ದೇನೋ ನಿಜ. ಅದರ ಆಯೋಜನೆಯಲ್ಲಿ ಮುಂದಾಳಾಗಿದ್ದ ಜಾನಿ ಹಾಸ್ಕಿನ್ಸ್ ಮೂಲತಃ ನ್ಯೂಜಿಲೆಂಡಿನವರು. ಆದರೆ ಮಣ್ಣಿನ ಟ್ರ್ಯಾಕಿನ ರೇಸು ಅಮೆರಿಕದಲ್ಲಿ ಅದಕ್ಕೂ ಮೊದಲೇ ಇತ್ತು ಎಂಬ ಆಕ್ಷೇಪಕ್ಕೂ ಬಲವಿದೆ. ಹಾಗಾಗಿ ತವರೂರು ಯಾವುದೆಂದು ಹುಡುಕುವುದಕ್ಕಿಂತ, ಈ ಆಟ ಯಾರ ಜೊತೆ ಎಲ್ಲಿಗೆ ಹೋಯಿತು ಎಂದು ನೋಡುವುದೇ ಸರಿ.

1928ರ ಫೆಬ್ರವರಿ 19ರಂದು ಲಂಡನ್ ಬಳಿಯ ಹೈ ಬೀಚ್‌ನಲ್ಲಿ ನಡೆದ ಸ್ಪೀಡ್‌ವೇ ರೇಸಿಗೆ ನಿರೀಕ್ಷೆ ಮೀರಿ ಜನ ಸೇರಿದರು. ಅದೇ ವರ್ಷ ಆಸ್ಟ್ರೇಲಿಯಾದ ಸವಾರರು ಹಡಗೇರಿ ಇಂಗ್ಲೆಂಡಿಗೆ ಬಂದರು. ಬ್ರೇಕೇ ಇಲ್ಲದ ಬೈಕನ್ನು ತಿರುವಿನಲ್ಲಿ ಎಡಕ್ಕೆ ವಾಲಿಸಿ, ಹಿಂಬದಿ ಚಕ್ರವನ್ನು ಬೇಕೆಂದೇ ಜಾರಿಸಿ, ಕಿಟ್ಟದ ಪುಡಿ ಚಿಮ್ಮಿಸುತ್ತ ಸಾಗುವ ಅವರ ಕೌಶಲ ಅಲ್ಲಿನ ಪ್ರೇಕ್ಷಕರನ್ನು ಸೆರೆಹಿಡಿಯಿತು. ಟ್ರ್ಯಾಕು, ಹಣ, ಲೀಗು ಎಲ್ಲವೂ ಇಂಗ್ಲೆಂಡಿನದೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ಗೆದ್ದವರನ್ನು ನೋಡಿ: ವೆಂಬ್ಲಿಯಲ್ಲಿ 1936ರ ಮೊದಲ ವಿಶ್ವ ಚಾಂಪಿಯನ್ ಆಸ್ಟ್ರೇಲಿಯಾದ ಲಯನೆಲ್ ವ್ಯಾನ್ ಪ್ರಾಗ್; ಮರುವರ್ಷ ಮೊದಲ ಮೂರೂ ಸ್ಥಾನ ಅಮೆರಿಕನ್ನರ ಪಾಲು.